ಇಡೀ ಸ್ಕೂಲಿಗೆ ಅತ್ತಿಗೆ

ನಮ್ಮ ಅತ್ತಿಗೆಗೆ ಹೆದರದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದರೆ, ತೊಂಬತ್ತರ ದಶಕದ ನಡುವಿನವರೆಗೂ ‘ಇಲ್ಲವೇ ಇಲ್ಲ’ ಎಂದು ಆಣೆಯಿಟ್ಟು ಹೇಳುತ್ತಿದ್ದೆ. ಆಮೇಲೆ ಅವರಿಗೆ ಟೊರಾಂಟೋ ಪೇಟೆಯ ನಡುವೆ ಒಂದು ಸ್ಕೂಲಿನಲ್ಲಿ ಲೆಕ್ಕದ ಟೀಚರ್ ಕೆಲಸ ಸಿಕ್ಕಿತು ನೋಡಿ, ಅಲ್ಲಿ ಕಟ್ಟಡದ ತುಂಬ ಅಂಥವರೇ!

ಅದು ಸರ್ಕಾರದ್ದೇ ಹೈಸ್ಕೂಲು. ಆದರೆ ದೊಡ್ಡ ಶಾಲೆಗಳಿಗೆ ಒಗ್ಗದೆ ಹೊರಬಿದ್ದ ಮಕ್ಕಳಿಗೆಂದೇ ನಡೆಸುವಂಥದ್ದು. ಹಳೆಯ ಕಟ್ಟಡದ ಮೇಲಿನ ಮಹಡಿ. ಗಂಟೆ ಹೊಡೆಯುವುದಿಲ್ಲ. ಏನೇ ನಿಯಮ ಮಾಡಬೇಕಾದರೂ ಮಕ್ಕಳು, ಟೀಚರುಗಳು ಒಟ್ಟಿಗೆ ನೆಲದ ಮೇಲೆ ಕೂತು ವೋಟು ಹಾಕಬೇಕು. ಇಂಥಲ್ಲಿಗೆ, ಎದುರಿಗೆ ಬಂದರೆ ಬೀದಿನಾಯಿಯೂ ನೆಟ್ಟಗೆ ನಿಲ್ಲುತ್ತಿದ್ದ ನಮ್ಮ ಅತ್ತಿಗೆ!

ಮೊದಲ ದಿನವೇ ಪಿಕರಿಂಗಿನ ತಮ್ಮ ಮನೆಯಿಂದ ನನಗೆ ಫೋನು. “ಎಂತ ಹೇಳುವುದು ಮಾರಾಯ್ತಿ, ಹಸಿರು ಕೂದಲಿನವ ಒಬ್ಬ ಬಂದು ನನ್ನ ಹೆಸರು ಹಿಡಿದು ಕರೀತಾನೆ! ನಿನ್ನ ಅಣ್ಣನಿಗೇ ಇಷ್ಟು ವರ್ಷ ಆ ಧೈರ್ಯ ಬರ್ಲಿಲ್ಲ.”

ಮುಂದಿನ ಮೀಟಿಂಗಿನಲ್ಲಿ ‘ನನ್ನನ್ನು ಮೇಡಂ ಎನ್ನಬೇಕು’ ಎಂದು ಅವರೇ ಮಂಡಿಸಿದರು. ಬಿದ್ದದ್ದು ಒಂದೇ ವೋಟು, ಅವರದೇ! ಪಾಪ ಅನ್ನಿಸಿ ಯಾರೋ, ಮನೆಯಲ್ಲಿ ನಿಮ್ಮನ್ನು ಏನೆನ್ನುತ್ತಾರೆ ಎಂದು ಕೇಳಿದರಂತೆ. “ಅತ್ತಿಗೆ” ಎಂದರು. ಮುಗಿಯಿತು! ಮರುದಿನದಿಂದ ಇಡೀ ಸ್ಕೂಲಿಗೆ ಅವರು ‘ಆಟಿಗೇ’. ಅಣ್ಣ ಕಂಗಾಲು: “ನಮ್ಮಮ್ಮ ಇಷ್ಟು ಜನರನ್ನ ಯಾವಾಗ ಹೆತ್ತಳೇ?”

ಅಲ್ಲಿ ಒಬ್ಬಳು ಹುಡುಗಿಯಿದ್ದಳು. ತುಟಿಗೆ ರಿಂಗು, ಮಾತು ಕಡಿಮೆ, ಲೆಕ್ಕದಲ್ಲಿ ಬಲು ಚುರುಕು. ಮನೆ ಬಿಟ್ಟು ಬಂದು ಗೆಳತಿಯ ಬೇಸ್‌ಮೆಂಟಿನಲ್ಲಿದ್ದಳು. ಕೊನೆಯ ವರ್ಷದ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಸ್ಕೂಲಿಗೆ ಬರುವುದನ್ನೇ ನಿಲ್ಲಿಸಿ ಡೋನಟ್ ಅಂಗಡಿ ಸೇರಿದಳು. ಕರೆತರುತ್ತೇನೆಂದು ಅತ್ತಿಗೆ ಹೊರಟರೆ ಮಕ್ಕಳೆಲ್ಲ ಅಡ್ಡ. ಬರುವುದು ಬಿಡುವುದು ಅವಳ ಸ್ವಾತಂತ್ರ್ಯವಂತೆ!

“ಹೌದಪ್ಪ, ಅದು ಅವಳ ಸ್ವಾತಂತ್ರ್ಯ. ಹೋಗಿ ಕರೆಯುವುದು ನನ್ನ ಸ್ವಾತಂತ್ರ್ಯ. ಇದಕ್ಕೆ ವೋಟು ಬೇಡ” ಎಂದು ಬಂದವರೇ ನನ್ನನ್ನು ಡ್ರೈವರ್ ಮಾಡಿಕೊಂಡರು. ಶನಿವಾರದ ರಜೆಯೆಂದು ರಿಚ್ಮಂಡ್ ಹಿಲ್ಲಿನ ನಮ್ಮ ಮನೆಯಲ್ಲಿ ಬೆಚ್ಚಗೆ ಮಲಗಿದ್ದ ನನ್ನ ಸ್ವಾತಂತ್ರ್ಯವನ್ನು ಯಾರೂ ಕೇಳಲಿಲ್ಲ!

ಕೌಂಟರಿನ ಹಿಂದಿದ್ದ ಹುಡುಗಿ ಮುಖ ಗಂಟಿಕ್ಕಿ, ಯಾಕೆ ಬಂದಿರಿ ಎಂದಳು.

“ನೀನು ಬರ್ಲಿಲ್ಲವಲ್ಲ, ಅದಕ್ಕೆ.”

ಹುಡುಗಿ ಕಾಫಿ ಕೊಟ್ಟಳು. ಬ್ರೇಕಿನಲ್ಲಿ ಬಂದು ಎದುರು ಕೂತಳು. ಅತ್ತಿಗೆ ಪೇಪರ್ ನ್ಯಾಪ್ಕಿನ್ ಮೇಲೆ ಬೀಜಗಣಿತ ಶುರು ಮಾಡಿದರು. ಹೀಗೇ ಎಷ್ಟೋ ಶನಿವಾರ. ಹಿಮ ಕರಗುವ ಹೊತ್ತಿಗೆ ಅವಳು ತಾನಾಗಿಯೇ ಸ್ಕೂಲಿಗೆ ಬಂದಳು. ನಾನಂತೂ ಡೋನಟ್ ತಿಂದು ಎರಡು ಸೈಜು ದಪ್ಪಗಾಗಿದ್ದೆ.

ಜೂನಿನಲ್ಲಿ ಅವಳ ಗ್ರಾಜುಯೇಷನ್ನು. ಅಣ್ಣನನ್ನೂ ನನ್ನನ್ನೂ ಅತ್ತಿಗೆ ಎಳೆದುಕೊಂಡು ಹೋದರು. ಪ್ರತಿ ಮಗುವಿನ ಮನೆಯವರಿಗೆಂದು ಮುಂದೆ ಎರಡೆರಡು ಕುರ್ಚಿ. ಆ ಹುಡುಗಿಯವು ಎರಡೂ ಖಾಲಿ. ಅವಳು ವೇದಿಕೆಯ ಪಕ್ಕ ನಿಂತು ಬಾಗಿಲನ್ನೇ ನೋಡುತ್ತಿದ್ದಳು.

ಟೀಚರುಗಳ ಸಾಲಿನಿಂದ ಎದ್ದು ಬಂದ ಅತ್ತಿಗೆ ನಮ್ಮ ಭುಜ ತಟ್ಟಿದರು. “ಏಳಿ. ಅಲ್ಲಿ ಹೋಗಿ ಕೂರುವ.”

“ಇರೋದು ಎರಡೇ ಕುರ್ಚಿ ಕಣೇ!” ಎಂದ ಅಣ್ಣ.

“ಸ್ವಲ್ಪ ಸರಿದು ಕೂತ್ಕೊಳ್ಳಿ.”

ಎರಡು ಕುರ್ಚಿಯಲ್ಲಿ ಮೂವರು. ಅಣ್ಣನ ಅರ್ಧ ಶರೀರ ಗಾಳಿಯಲ್ಲಿ. ಹೆಸರು ಕೂಗಿದಾಗ ಹುಡುಗಿ ತಲೆ ತಗ್ಗಿಸಿಕೊಂಡೇ ವೇದಿಕೆ ಹತ್ತಿದಳು. ನಮ್ಮತ್ತ ಕಣ್ಣೆತ್ತಲಿಲ್ಲ.

ಆಗ ಯಾರೋ ಉದ್ದಕ್ಕೆ ಸಿಳ್ಳೆ ಹೊಡೆದರು. ತಿರುಗಿ ನೋಡಿದರೆ, ನಮ್ಮ ಅತ್ತಿಗೆ! ಬಾಯಿಗೆ ಎರಡು ಬೆರಳು, ಕೆನ್ನೆಯ ಮೇಲೆಲ್ಲ ನೀರು. ಅವರಿಗೆ ಸಿಳ್ಳೆ ಬರುತ್ತದೆಂದು ಅಣ್ಣನಿಗೂ ಗೊತ್ತಿರಲಿಲ್ಲ.

ಹುಡುಗಿ ತಲೆಯೆತ್ತಿದಳು.