ದೊಡ್ಡಪ್ಪ ಧೂಳಿನ ಯಂತ್ರ ಕೊಂಡದ್ದು

ನಮ್ಮ ದೊಡ್ಡಪ್ಪನ ಜೊತೆ ಅಂಗಡಿಗೆ ಹೋಗಿ ಮರ್ಯಾದೆಯಿಂದ ಮನೆಗೆ ಬಂದವರು ಇಡೀ ಮದರಾಸಿನಲ್ಲಿ ಯಾರೂ ಇಲ್ಲ! ಒಮ್ಮೆ ಪುರಸೈವಾಕ್ಕಂನಲ್ಲಿ ಕೊಡೆ ಕೊಳ್ಳಲು ಹೋದಾಗ ಅಂಗಡಿಯವನನ್ನು ಒಂದು ಚೊಂಬು ನೀರು ಕೇಳಿದರು. ಪಾಪ, ಬಾಯಾರಿಕೆ ಇರಬೇಕೆಂದು ಅವನು ಕೊಟ್ಟ. ಇವರು ಕೊಡೆ ಬಿಚ್ಚಿ ನನ್ನ ಕೈಗಿತ್ತು, ಸ್ಟೂಲು ಹತ್ತಿ ನೀರು ಸುರಿದೇಬಿಟ್ಟರು. ಕೊಡೆ ಸೋರಲಿಲ್ಲ. ಆದರೆ ನೀರೆಲ್ಲ ಜಾರಿ ಪಕ್ಕದಲ್ಲಿದ್ದ ಹೆಂಗಸಿನ ರೇಷ್ಮೆ ಸೀರೆಯ ಮೇಲೆ! "ಮಳೇಲಿ ನೆನೆದ ಮೇಲೆ ಸೋರುತ್ತೆ ಅಂತ ಗೊತ್ತಾದ್ರೆ ಏನಮ್ಮ ಪ್ರಯೋಜನ?" ಎಂದು ಆಕೆಯನ್ನೇ ಕೇಳಿದರು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿ ಮೈಸೂರಿನಿಂದ ಬಂದು, ವೆಸ್ಟ್ ಮಾಂಬಲಂನ ಅವರ ಮನೆಯಲ್ಲೇ ಇದ್ದೆ. ರೈಲ್ವೆ ಗುಮಾಸ್ತಿಕೆಯಿಂದ ನಿವೃತ್ತರಾದ ದೊಡ್ಡಪ್ಪ ಹಿತ್ತಿಲಲ್ಲಿ ತಗಡಿನ ಷೆಡ್ಡು ಹಾಕಿ ತೊಟ್ಟಿಲು, ಮಣೆ, ಸ್ಟೂಲು ಮಾಡುತ್ತಿದ್ದರು. ಷೆಡ್ಡಿನ ಎದುರಿಗೇ ಅಡಿಗೆಮನೆಯ ಕಿಟಕಿ. ಕೈಗರಗಸ ಇರುವವರೆಗೆ ಎಲ್ಲ ಸರಿಯಿತ್ತು. ಕರೆಂಟಿನ ಗರಗಸ ಬಂತು ನೋಡಿ, ಅಂದಿನಿಂದ ಸಾರಿನಲ್ಲಿ ತೇಗ, ಮೊಸರಿನಲ್ಲಿ ಬೀಟೆ! ನನ್ನ ಜಡೆ ಕೊಡವಿದರೆ ಒಂದು ಮಣೆಗಾಗುವಷ್ಟು ಹುಡಿ.

"ಧೂಳಾ? ಎಲ್ಲಿದೆ ತೋರ್ಸು" ಎನ್ನುತ್ತಿದ್ದರು ದೊಡ್ಡಪ್ಪ. ಕನ್ನಡಕದ ಮೇಲೆಯೇ ಒಂದು ಪದರ ಕೂತಿದ್ದರೆ ಕಾಣುವುದಾದರೂ ಹೇಗೆ?

ಅಷ್ಟರಲ್ಲಿ ದೊಡ್ಡಮ್ಮನಿಗೆ ಕೆಮ್ಮು ಶುರುವಾಯಿತು. ಕಷಾಯ ಆಯಿತು, ಜೇನು ಆಯಿತು. ಎರಡು ತಿಂಗಳಾದರೂ ನಿಲ್ಲಲಿಲ್ಲ. ಬೀದಿಯ ಡಾಕ್ಟರು ನಾಡಿ ಹಿಡಿದು, ದೊಡ್ಡಪ್ಪನ ಮುಖ ನೋಡದೆ, "ಯಾವುದಕ್ಕೂ ತಾಂಬರಂಗೆ ಹೋಗಿ ಒಂದು ಎಕ್ಸ್‌ರೇ ತೆಗೆಸಿಬಿಡಿ" ಎಂದರು. ಆಗೆಲ್ಲ ಡಾಕ್ಟರ ಬಾಯಲ್ಲಿ ತಾಂಬರಂ ಅಂದರೆ ಅರ್ಥ ಒಂದೇ: ಕ್ಷಯದ ಆಸ್ಪತ್ರೆ.

ಎಲೆಕ್ಟ್ರಿಕ್ ಟ್ರೇನಿನಲ್ಲಿ ಅಷ್ಟು ದೂರವೂ ದೊಡ್ಡಪ್ಪ ಮಾತಾಡಲಿಲ್ಲ. ಕಂಡಕಂಡವರ ಜೊತೆ ಹರಟುವ ಮನುಷ್ಯ ದೊಡ್ಡಮ್ಮನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ನನಗೆ ಅದನ್ನು ನೋಡಿಯೇ ಹೆದರಿಕೆಯಾಯಿತು.

ಆಸ್ಪತ್ರೆಯ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಮತ್ತೆ ನೋಡಿದರು. "ಏನೂ ಇಲ್ಲ" ಎಂದರು ತಮಿಳಿನಲ್ಲಿ. ಆಮೇಲೆ ದೊಡ್ಡಮ್ಮನ ಸೆರಗನ್ನು ನೋಡಿ, "ಇದೇನಮ್ಮಾ ಪುಡಿ?" ಎಂದು ಕೇಳಿದರು.

"ಇವತ್ತು ಬೀಟೆ ಡಾಕ್ಟ್ರೇ. ನಿನ್ನೆ ತೇಗ ಇತ್ತು."

ಡಾಕ್ಟರು ದೊಡ್ಡಪ್ಪನ ಕಡೆ ತಿರುಗಿದರು. "ಸಾರ್, ಮನೆಯಿಂದ ಧೂಳನ್ನ ಕಳಿಸ್ತೀರೋ, ಇವರನ್ನ ಕಳಿಸ್ತೀರೋ?"

ತಾಂಬರಂ ಸ್ಟೇಷನ್ನಿನಲ್ಲಿ ದೊಡ್ಡಪ್ಪ ನಮಗೆ ಕಾಫಿ ಕೊಡಿಸಿದರು. ಗುರುತೇ ಇಲ್ಲದ ಇನ್ನಿಬ್ಬರಿಗೂ ಕೊಡಿಸಿದರು! ಮಾಂಬಲಂ ಬರುವವರೆಗೆ ಬಾಯಿಗೆ ಬಿಡುವಿಲ್ಲ. ಧೂಳು ಎಳೆಯುವ ಯಂತ್ರ ಹೇಗಿರಬೇಕು ಎಂದು ಇಡೀ ಡಬ್ಬಿಗೆ ಪಾಠ.

ಮೊದಲು ಬಂದದ್ದು ಹೋಟೆಲ್ ಅಡಿಗೆಮನೆಗಳಲ್ಲಿ ಹೊಗೆ ತಳ್ಳುವಂಥ ದೊಡ್ಡ ಫ್ಯಾನು. ಅದನ್ನು ಷೆಡ್ಡಿನ ಗೋಡೆಗೆ ಕೂರಿಸಿದರು. ಷೆಡ್ಡು ಕನ್ನಡಿಯಂತಾಯಿತು. ನಾವು ಚಪ್ಪಾಳೆ ತಟ್ಟುವಷ್ಟರಲ್ಲಿ ಪಕ್ಕದ ಮನೆಯ ಮಾಮಿ ಒಣಹಾಕಿದ್ದ ಹಪ್ಪಳದ ತಟ್ಟೆ ಹಿಡಿದುಕೊಂಡೇ ಬಂದರು. "ಎನ್ನ ಸಾರ್, ಇದು ಅಪ್ಪಳಮಾ, ಪಲಗೈಯಾ?" ಹಪ್ಪಳವೋ, ಹಲಗೆಯೋ ಅಂತ!

ದೊಡ್ಡಪ್ಪ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, "ತೇಗ, ಮಾಮಿ. ಗೆದ್ದಲು ಹಿಡಿಯೋದಿಲ್ಲ" ಎಂದರು. ಫ್ಯಾನು ಅಂದೇ ಕೆಳಗಿಳಿಯಿತು.

ಆಮೇಲೆ, ಮನೆ ಗುಡಿಸುವ ವ್ಯಾಕ್ಯೂಮ್ ಯಂತ್ರ ಮಾರುವವನೊಬ್ಬ ಬಿಳಿ ಷರಟು ತೊಟ್ಟು ಬಂದ. ನಡುಮನೆಯ ಜಮಖಾನೆಯ ಮೇಲೆ ಯಂತ್ರ ಆಡಿಸಿ ತೋರಿಸಿದ. ದೊಡ್ಡಪ್ಪ ಬಲು ವಿನಯದಿಂದ, "ಇದು ಬಿಡಪ್ಪ, ಇಲ್ಲಿ ಬಾ" ಎಂದು ಷೆಡ್ಡಿಗೆ ಕರೆದುಕೊಂಡು ಹೋದರು. ಎರಡು ನಿಮಿಷ ಯಂತ್ರ ಎಳೆಯಿತು, ಮೂರನೆಯ ನಿಮಿಷ ಒರಲಿತು, ನಾಲ್ಕನೆಯ ನಿಮಿಷ ಅದರ ಚೀಲ ಒಡೆಯಿತು! ಹೊರಗೆ ಬಂದಾಗ ಅವನ ಷರಟು, ಮೀಸೆ, ಹುಬ್ಬು ಎಲ್ಲ ಬೀಟೆ ಬಣ್ಣ. ದೊಡ್ಡಮ್ಮ ಬಿಸಿನೀರು, ಟವೆಲು, ಕಾಫಿ ಕೊಟ್ಟು ಕಳಿಸಿದರು.

ಕೊನೆಗೆ ಬ್ರಾಡ್‌ವೇಯ ಒಂದು ಯಂತ್ರದಂಗಡಿಯಲ್ಲಿ ಮರಗೆಲಸದವರಿಗೆಂದೇ ಮಾಡಿದ, ಧೂಳು ಎಳೆಯುವ ಅಸಲಿ ಯಂತ್ರಗಳೇ ಸಿಕ್ಕವು. ಎರಡಿದ್ದವು. ದೊಡ್ಡದಕ್ಕೆ ಆಳುದ್ದದ ಎರಡು ಬಟ್ಟೆಚೀಲ, ಚಿಕ್ಕದಕ್ಕೆ ಒಂದು. ದೊಡ್ಡಪ್ಪ ಮನೆಯಿಂದ ತಂದಿದ್ದ ಹುಡಿಯ ಡಬ್ಬ ಬಗ್ಗಿಸಿದರು. ದೊಡ್ಡದು ಒಂದೇ ಗುಟುಕಿಗೆ ನುಂಗಿತು. ಅಬ್ಬ, ಇವತ್ತಿಗೆ ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುತ್ತೆ?

"ನೀನು ಇಪ್ಪತ್ತು ಹೆಜ್ಜೆ ಹೋಗಿ ಬಾಗಿಲ ಹತ್ರ ನಿಂತ್ಕೋ" ಎಂದರು ನನಗೆ. "ನಿಂತು ಕೆಮ್ಮು."

"ಏನು ದೊಡ್ಡಪ್ಪ?"

"ಕೆಮ್ಮಮ್ಮ!"

ಅಂಗಡಿ ತುಂಬ ಗಿರಾಕಿಗಳು. ನಾನು ನಾಚಿಕೆ ಬಿಟ್ಟು ಕೆಮ್ಮಿದೆ. ದೊಡ್ಡ ಯಂತ್ರ ಭೋರೆನ್ನುತ್ತಿತ್ತು. "ಕೆಮ್ಮಿದ್ಯಾ?" ಎಂದು ಕೈಸನ್ನೆ ಮಾಡಿದರು. ಮತ್ತೆ ಕೆಮ್ಮಿದೆ. ಯಾರೋ ಪುಣ್ಯಾತ್ಮ ನೀರು ತಂದುಕೊಟ್ಟ. ಆಮೇಲೆ ಚಿಕ್ಕ ಯಂತ್ರ ಹಾಕಿಸಿದರು. ನಾನು ಕೆಮ್ಮಿದ ಕೂಡಲೇ ಅವರ ಕೈ ಮೇಲೆದ್ದಿತು. "ಕೇಳ್ಸ್ತು! ಇದೇ ಇರ್ಲಿ."

ಅಂಗಡಿಯವನು ಕಂಗಾಲಾದ. "ಸಾರ್, ದೊಡ್ಡದು ಇದರ ಎರಡರಷ್ಟು ಎಳೆಯುತ್ತೆ. ಚಿಕ್ಕದಾದರೆ ಗಳಿಗೆಗೊಂದು ಸಲ ಕೆಲಸ ನಿಲ್ಲಿಸಿ ಚೀಲ ಕೊಡವಬೇಕು."

"ಕೊಡವ್ತೀನಿ" ಎಂದರು ದೊಡ್ಡಪ್ಪ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಮನೇಲಿ ಅವಳು ಕೆಮ್ಮಿದ್ರೆ ನನಗೆ ಕೇಳ್ಸ್‌ಬೇಕಪ್ಪ. ಇಷ್ಟು ದಿನ ಕೇಳ್ಸ್‌ಕೊಳ್ಳಲೇ ಇಲ್ಲ ನಾನು" ಎಂದರು.

ಯಂತ್ರ ಬಂದ ಒಂದು ತಿಂಗಳಿಗೆ ದೊಡ್ಡಮ್ಮನ ಕೆಮ್ಮು ಪೂರ್ತಿ ನಿಂತಿತು. "ತಂದಿದ್ದು ತಂದ್ರಿ, ದೊಡ್ಡದನ್ನೇ ತರಬಾರದಿತ್ತೇನ್ರೀ?" ಎಂದು ದೊಡ್ಡಮ್ಮ ಕೇಳಿದಾಗ, "ಅಂಗಡೀಲಿ ಇದೊಂದೇ ಇತ್ತು ಕಣೇ" ಎಂದರು.

ಒಂದು ಭಾನುವಾರ ದೊಡ್ಡಮ್ಮ ಅಡಿಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ಹತ್ತಿ ಎರಡು ಸಲ ಕೆಮ್ಮಿದರು. ಷೆಡ್ಡಿನಲ್ಲಿ ಗರಗಸ ನಿಂತಿತು, ಯಂತ್ರವೂ ನಿಂತಿತು. ಕಿಟಕಿಯಲ್ಲಿ ದೊಡ್ಡಪ್ಪನ ಮುಖ ಕಾಣಿಸಿತು.

"ಮೆಣಸಿನಕಾಯಿ ಕಣ್ರೀ!" ಎಂದು ದೊಡ್ಡಮ್ಮ ಕೂಗಿದರು.

ಯಂತ್ರ ಮತ್ತೆ ಶುರುವಾಯಿತು.