ಕಡಲಕುದುರೆಯ ಬಯಕೆ ಬುತ್ತಿ

ಕಲಿತವನಿಗೆ ಹುಚ್ಚು ಹಿಡಿದರೆ ಅದನ್ನು ಹವ್ಯಾಸ ಎನ್ನುತ್ತಾರೆ. ನನಗೆ ಹಿಡಿದದ್ದು ಕಡಲಕುದುರೆ ಸಾಕುವ ಹವ್ಯಾಸ, ಅದೂ ಸಿಂದಗಿಯಲ್ಲಿ. ಇಲ್ಲಿಂದ ಕಡಲು ಎಷ್ಟು ದೂರ ಎಂದು ಕೇಳಬೇಡಿ, ಭೀಮಾ ಹೊಳೆಯೇ ನಮಗೆ ದೂರ. ನಮ್ಮ ಬೋರಿನ ನೀರು ಮೊದಲೇ ಸವಳು, ಅರ್ಧ ಕೆಲಸ ಆದಂತೆಯೇ ಎಂದುಕೊಂಡಿದ್ದೆ. ಆ ಸವಳು ಬೇಳೆ ಬೇಯದಿರಲಿಕ್ಕೆ ಸಾಕು, ಕಡಲಿಗೆ ಸಾಲದು ಎಂದು ತಿಳಿಯುವಷ್ಟರಲ್ಲಿ ಗಾಜಿನ ತೊಟ್ಟಿ ನಡುಮನೆಗೆ ಬಂದಾಗಿತ್ತು. ಶುದ್ಧ ನೀರಿಗೆ ಉಪ್ಪು ಬೆರೆಸಿ ಹದ ಮಾಡುವುದು, ಕರೆಂಟು ಹೋದರೆ ಬೀಸಣಿಗೆ ಹಿಡಿದು ಗಾಳಿ ಹಾಕುವುದು, ಜಠರವೇ ಇಲ್ಲದ ಆ ಪ್ರಾಣಿಗೆ ದಿನಕ್ಕೆ ನಾಲ್ಕು ಸಲ ಸಣ್ಣ ಸೀಗಡಿ ಉಣಿಸುವುದು. ಇಷ್ಟು ಆರೈಕೆಯನ್ನು ನನ್ನ ಮಗಳಿಗೂ ಮಾಡಿದವನಲ್ಲ. ಹೆಂಡತಿ ಸುಮಂಗಲಾ ಇದನ್ನು ಆಗಾಗ ನೆನಪಿಸುತ್ತಾಳೆ.

ಕಡಲಕುದುರೆಗಳಲ್ಲಿ ಬಸಿರಾಗುವುದು ಗಂಡು. ನಮ್ಮ ಜೋಡಿಯಲ್ಲಿ ಗಂಡಿನ ಹೊಟ್ಟೆಚೀಲ ಉಬ್ಬಿದಾಗ ಪಕ್ಕದ ಮನೆಯ ನೀಲವ್ವ ಆಯಿಗೆ ಹೆಮ್ಮೆಯಿಂದ ತೋರಿಸಿದೆ. ತಪ್ಪಾದದ್ದು ಅಲ್ಲೇ. ಓಣಿಯಲ್ಲಿ ಯಾರು ಬಸಿರಾದರೂ ಬಯಕೆ ಬುತ್ತಿ ಕಟ್ಟಿಕೊಂಡು ಹೋಗುವವಳು ಆಯಿ.

ಮರುದಿನ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದರೆ ತೊಟ್ಟಿಯ ನೀರು ಮಜ್ಜಿಗೆಯಂತಾಗಿದೆ. ಮೇಲೆ ತುಪ್ಪದ ಪದರ. ಗಂಡು ಬಿಳಿಚಿಕೊಂಡು, ಗಾಳಿಯ ಕೊಳವೆಗೆ ಬಾಲ ಸುತ್ತಿ ಏದುಸಿರು ಬಿಡುತ್ತಿದೆ. ಪಕ್ಕದಲ್ಲಿ ಆಯಿ, ಕೈಯಲ್ಲಿ ಖಾಲಿ ಡಬ್ಬಿ.

"ಏನ್ ಹಾಕಿದಿ ಆಯಿ?"

"ಹೂರಣದ ಹೋಳಿಗಿ. ಹಲ್ಲಿಲ್ಲಲಾ ಅದಕ್ಕ, ಹಾಲಾಗ ಕಿವುಚಿ ಹಾಕೇನಿ. ಯಾಕ ಮಾಸ್ತರ, ಗಂಡಸ ಬಸುರಾದ್ರ ಬಯಕಿ ಇರೂದಿಲ್ಲೇನು?"

ಎಂ.ಎಸ್ಸಿ. ಓದಿದ ತಲೆಗೆ ಏನೂ ಹೊಳೆಯಲಿಲ್ಲ. "ಸುಮಂಗಲಾ, ಒಂದೀಟು ಚಹಾ ಮಾಡು" ಎಂದೆನಂತೆ.

"ಚಹಾ ಆಮ್ಯಾಲ. ಸರೀರಿ ಆಕಡಿ!"

ಹದ ಮಾಡಿಟ್ಟಿದ್ದ ಉಪ್ಪುನೀರನ್ನು ಬಕೆಟ್ಟಿಗೆ ಸುರಿದು, ಎರಡೂ ಕುದುರೆಗಳನ್ನು ಬೊಗಸೆಯಲ್ಲೇ ಎತ್ತಿ ಅದಕ್ಕೆ ಬಿಟ್ಟು, ಕೊಳವೆಯನ್ನೂ ಇಳಿಬಿಟ್ಟವಳು ಸುಮಂಗಲಾ. ನಾನು ತೊಟ್ಟಿಯ ಮುಚ್ಚಳ ಹಿಡಿದು ನಿಂತಿದ್ದೆ. ಆಯಿ ಗಲ್ಲ ಬಡಿದುಕೊಳ್ಳುತ್ತ, "ಶಿವನೇ, ಬಸುರಿ ಶಾಪ ನನಗ ಬ್ಯಾಡೋ" ಎನ್ನುತ್ತಿದ್ದಳು. ಗಂಡು ಬಾಲ ಸಡಿಲಿಸಿ ಒಮ್ಮೆ ಬಕೆಟ್ಟಿನ ತಳಕ್ಕೇ ಇಳಿದುಬಿಟ್ಟಿತು. ಆ ಇಳಿಯುವುದು ಈಗಲೂ, ಪಾಠ ಮಾಡುವಾಗಲೂ, ಕಣ್ಣೆದುರು ಬರುತ್ತದೆ. ಎಷ್ಟೋ ಹೊತ್ತಿನ ಮೇಲೆ ಅದು ಮತ್ತೆ ಎದ್ದು ಕೊಳವೆಯನ್ನು ಸುತ್ತಿಕೊಂಡಿತು.

ಬೆಳಿಗ್ಗೆ ನೋಡಿದರೆ ಬಕೆಟ್ಟಿನ ತುಂಬ ಜೀರಿಗೆ ಕಾಳಿನಂಥ ಮರಿಗಳು. ಅಪ್ಪ ಬಾಗಿ ಬಾಗಿ ಇನ್ನೂ ಹೆರುತ್ತಲೇ ಇದ್ದ. ಸುಮಂಗಲಾ ಬಹಳ ಹೊತ್ತು ಅದನ್ನೇ ನೋಡಿದಳು, ಆಮೇಲೆ ನನ್ನನ್ನು.

"ನೋಡ್ರಿ, ಇಷ್ಟೆಲ್ಲಾ ಆದ್ರೂ ಅಂವ ಒಂದ ಸಲಾನೂ ಚಹಾ ಕೇಳಲಿಲ್ಲ."

ನಾನು ಕೈಯಲ್ಲಿದ್ದ ಎರಡನೆಯ ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟೆ.