ಗ್ರುಬರ್ ಗೆದ್ದರೆ ಗದ್ದಲವಿಲ್ಲ!

"ನಾಳೆ ಹನ್ನೊಂದು ಗಂಟೆಗೆ ನೋಡು ಎಸ್ಟೆಲ್, ಈ ಕಟ್ಟಡದ ಇತಿಹಾಸಾನೇ ಬದಲಾಗುತ್ತೆ!" ಎಂದು ಡಾಕ್ಟರ್ ಮಿಲ್ಟನ್ ಗ್ರುಬರ್ ಹೆಂಡತಿಗೆ ಘೋಷಿಸಿದಾಗ ಅವರ ಬಾಯಲ್ಲಿ ಬ್ರಷ್ ಇತ್ತು. ನಿವೃತ್ತ ದಂತವೈದ್ಯರಲ್ಲವೇ, ಭಾಷಣದ ನಡುವೆಯೂ ಹಲ್ಲನ್ನು ಮರೆಯುವವರಲ್ಲ.

ಮ್ಯಾನ್‌ಹ್ಯಾಟನ್ನಿನ ಆ ಹದಿನೈದು ಮಹಡಿಯ ಸಹಕಾರಿ ಕಟ್ಟಡ 1926ರದ್ದು. ಹತ್ತೊಂಬತ್ತು ವರ್ಷಗಳಿಂದ ಅದರ ಆಡಳಿತ ಮಂಡಳಿಗೆ ಮಿಸೆಸ್ ಹಚಿನ್ಸ್ ಅವರೇ ಅಧ್ಯಕ್ಷೆ. ಯಾರು ಮನೆ ಕೊಳ್ಳಬಹುದು, ಯಾರ ನಾಯಿ ಯಾವ ಲಿಫ್ಟಿನಲ್ಲಿ ಇಳಿಯಬೇಕು, ಕಿಟಕಿಗೆ ಯಾವ ಬಣ್ಣ, ಎಲ್ಲಕ್ಕೂ ಆಕೆಯ ಅಪ್ಪಣೆ ಬೇಕು. ಆ ಕುರ್ಚಿಯ ಮೇಲೆ ಗ್ರುಬರರಿಗಿದ್ದದ್ದು ಅಂತಿಂಥ ಆಸೆಯಲ್ಲ. ಎರಡು ಸಲ ನಿಂತು ಸೋತಿದ್ದರು. ಎರಡನೇ ಸಲವಂತೂ ಒಂದೇ ಮತದಿಂದ! ಅವತ್ತು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಎಸ್ಟೆಲ್‌ಗೆ ಮಾತ್ರ ಗೊತ್ತು.

ಈ ಸಲ ಬ್ರಹ್ಮಾಸ್ತ್ರವೇ ಸಿಕ್ಕಿತ್ತು. ಚಳಿಗಾಲದಲ್ಲಿ ನೆಲಮಾಳಿಗೆಯ ಬಾಯ್ಲರಿನಿಂದ ಮನೆಮನೆಯನ್ನು ಬೆಚ್ಚಗಿಡುವ ರೇಡಿಯೇಟರಿಗೆ ಉಗಿ ಏರುವಾಗ ಕೊಳವೆಗಳು ಟಕ್ ಟಕ್ ಎನ್ನುವುದು ಕಟ್ಟಡ ಹುಟ್ಟಿದಾಗಿನಿಂದ ಬಂದ ರೂಢಿ. "ಗ್ರುಬರ್ ಗೆದ್ದರೆ ಗದ್ದಲವಿಲ್ಲ!" ಎಂಬ ಚೀಟಿಯನ್ನು ಅವರು ಲಿಫ್ಟಿನಲ್ಲಿ ಅಂಟಿಸಿಬಿಟ್ಟರು.

"ನಲವತ್ತು ವರ್ಷ ಕಿರುಚೋ ಬಾಯಿಗಳನ್ನ ಸುಮ್ಮನಾಗಿಸಿದೋನು ನಾನು. ಒಂದು ಕೊಳವೆ ಬಾಯಿ ಮುಚ್ಚಿಸೋಕಾಗಲ್ವಾ?"

"ಮೊದಲು ನಮ್ಮ ಮಲಗೋ ಕೋಣೆ ನೋಡು ಮಹಾರಾಯ," ಎಂದಳು ಎಸ್ಟೆಲ್. "ಹೊರಗೆ ಹಿಮ, ಒಳಗೆ ಒಲೆ! ಜನವರೀಲಿ ಕಿಟಕಿ ತೆಗೆದು ಫ್ಯಾನ್ ಹಾಕ್ಕೊಂಡು ಮಲಗ್ತಾ ಇದೀನಿ."

"ಅಷ್ಟೇ ತಾನೇ?" ಎಂದವರೇ ಗ್ರುಬರ್ ರೇಡಿಯೇಟರಿನ ವಾಲ್ವನ್ನು ಅಳೆದು ಸುರಿದು ಅರ್ಧಕ್ಕೆ ತಿರುಗಿಸಿದರು. ಅರ್ಧ ತಿರುಗಿಸಿದರೆ ಅರ್ಧ ಬಿಸಿ. ಎಂಥ ಸರಳ ವಿಜ್ಞಾನ!

ಒಂದು ಗಂಟೆಯೊಳಗೆ ಶುರುವಾಯಿತು. ಢಣ್! ಢಣ್! ಢಢಣ್! ಎರಡನೇ ಮಹಡಿಯಿಂದ ಹದಿನೈದರವರೆಗೆ, ಗೋಡೆಯೊಳಗೆ ಯಾರೋ ಕಮ್ಮಾರ ಸಂಸಾರ ಹೂಡಿದಂತೆ! ಗ್ರುಬರರಿಗೆ ಆನಂದವೋ ಆನಂದ. ನಾಳೆ ಚುನಾವಣೆ, ಇವತ್ತು ಕೊಳವೆಯೇ ಎದ್ದು ನಿಂತು ತಮ್ಮ ಪರವಾಗಿ ಪ್ರಚಾರ ಮಾಡುವುದೆಂದರೇನು! ಮಹಡಿ ಮಹಡಿ ಹತ್ತಿಳಿದು, "ಕೇಳಿಸ್ತಾ? ಇದೇ ಹಚಿನ್ಸ್ ಆಡಳಿತ!" ಎಂದು ಕಂಡಕಂಡ ಬಾಗಿಲು ಬಡಿದರು. ಕೊಳವೆಗಿಂತ ಡಾಕ್ಟರರ ಕಾಟವೇ ಹೆಚ್ಚಾಯಿತೆಂದು ಕೆಲವರು ಗೊಣಗಿದರು.

ಮರುದಿನ ಭಾನುವಾರ, ಲಾಬಿಯಲ್ಲಿ ಮಡಚುವ ಕುರ್ಚಿಗಳು, ಬಳೆಯಾಕಾರದ ಬೇಗಲ್ ಬ್ರೆಡ್ಡು, ಹೊಗೆಯಾಡಿಸಿದ ಮೀನು, ಕಾಫಿ. ನಿದ್ದೆಗೆಟ್ಟ ಸದಸ್ಯರ ಕಣ್ಣುಗಳು ಕೆಂಡವಾಗಿದ್ದವು. ಮತಗಳೆಲ್ಲ ಗ್ರುಬರರ ಜೇಬಿಗೆ ಬಿದ್ದಂತೆಯೇ. ಸುಮ್ಮನೆ ಕೂತಿದ್ದರೆ ಗೆದ್ದೇಬಿಡುತ್ತಿದ್ದರು. ಕೂರಬೇಕಲ್ಲ!

ಅಷ್ಟರಲ್ಲಿ ಬಾಯ್ಲರ್ ನೋಡಿಕೊಳ್ಳುವ ಅಗ್ರೋನ್ ಮೇಲಿನಿಂದ ಇಳಿದು ಬಂದ. ಅವನ ಹಿಂದೆ ಎಸ್ಟೆಲ್, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದುಕೊಂಡು.

"ಬಾಯ್ಲರ್ ಸರಿಯಾಗೇ ಇದೆ," ಎಂದ ಅಗ್ರೋನ್. "ಯಾರೋ ಒಬ್ರು ತಮ್ಮ ಮನೇಲಿ ರೇಡಿಯೇಟರ್ ಮೇಲೆ ಕೈಚಳಕ ತೋರಿಸಿದಾರೆ."

ಗ್ರುಬರ್ ಛಂಗನೆ ಎದ್ದರು. "ಅಂಥ ದ್ರೋಹಿ ಐದು ವರ್ಷ ಚುನಾವಣೆಗೆ ನಿಲ್ಲಕೂಡದು! ಇದು ನನ್ನ ನಿರ್ಣಯ!"

"ನನ್ನ ಅನುಮೋದನೆ ಇದೆ," ಎಂದರು ಮಿಸೆಸ್ ಹಚಿನ್ಸ್, ಕಾಫಿ ಕಲಕುತ್ತಾ.

ಎಲ್ಲ ಕೈಗಳೂ ಮೇಲೆದ್ದವು. ಗ್ರುಬರರದ್ದು ಎರಡೂ!

"ಯಾವ ಮನೆ ಹೇಳು ಅಗ್ರೋನ್, ಹೆದರಬೇಡ. ನಾನಿದೀನಿ!"

"ನಿಮ್ಮದೇ ಡಾಕ್ಟ್ರೇ. ವಾಲ್ವ್ ಅರ್ಧಕ್ಕೆ ನಿಲ್ಲಿಸಿದೀರಿ. ಒಳಗೆ ನೀರು ನಿಂತು, ಉಗಿ ಬಂದು ಗುದ್ದುತ್ತೆ. ಈ ಹಳೇ ಕೊಳವೆಗಳಿಗೆ ಎರಡೇ ದಾರಿ. ಪೂರ್ತಿ ತೆಗೀಬೇಕು, ಇಲ್ಲ ಪೂರ್ತಿ ಮುಚ್ಚಬೇಕು."

ಎತ್ತಿದ ಎರಡು ಕೈಗಳನ್ನು ಇಳಿಸುವುದೂ ಮರೆತು ಗ್ರುಬರ್ ಕುರ್ಚಿಗೆ ಕುಸಿದರು. ಎಸ್ಟೆಲ್ ಕರವಸ್ತ್ರ ತೆಗೆದಳು.

"ಇವರ ಬಾಯಿಗೂ ಅದನ್ನೇ ನಲವತ್ತು ವರ್ಷದಿಂದ ಹೇಳ್ತಾ ಇದೀನಿ, ಅಗ್ರೋನ್. ಪೂರ್ತಿ ತೆಗೆಯೋದನ್ನ ಮಾತ್ರ ಕಲಿತಿದಾರೆ!"